ಕುಂಟಲು ಬಾರದ ಮಗು

ಪರೀಕ್ಷೆ ಹತ್ತಿರ ಬಂದರೆ ಶಾಲೆಯಲ್ಲಿ ಮೊದಲು ರದ್ದಾಗುವುದು ಆಟದ ಪೀರಿಯಡ್. ಪೋಷಕರೂ ಸುಮ್ಮನಿರುತ್ತಾರೆ! ಓಟ, ಜಿಗಿತಗಳನ್ನೂ ಅಕ್ಷರದಂತೆ ತಿದ್ದಿ ತಿದ್ದಿಯೇ ಕಲಿಯಬೇಕು. ಕುಂಟೇಬಿಲ್ಲೆಯಲ್ಲಿ ಒಂಟಿಕಾಲಿನ ಸಮತೋಲನ, ಲಗೋರಿಯಲ್ಲಿ ಕಣ್ಣು-ಕೈಗಳ ಹೊಂದಾಣಿಕೆ ಪಳಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಬಿರುಸಾಗುವಂಥ ಚಟುವಟಿಕೆ ಬೇಕು. ವಾರಕ್ಕೆರಡು ಪೀರಿಯಡ್ ಸಾಲದು. ಸಂಜೆ ಆಡಲು ಹೊರಗೆ ಬಿಡಿ.

ಆರು ವರ್ಷದ ಮಗುವಿಗೆ ಒಂಟಿಕಾಲಲ್ಲಿ ಕುಂಟಲು ಬಾರದೇ? ಹೆಚ್ಚಿನ ವೇಳೆ ಅದು ಅಭ್ಯಾಸದ ಕೊರತೆಯಷ್ಟೇ. ಆದರೆ ಮಗು ಪದೇ ಪದೇ ಬೀಳುತ್ತಿದ್ದರೆ, ನೆಲದಿಂದ ಏಳುವಾಗ ತೊಡೆಗಳ ಮೇಲೆ ಕೈಯೂರುತ್ತಿದ್ದರೆ, ಮೀನಖಂಡಗಳು ದಪ್ಪಗಿದ್ದರೆ ಸೋಮಾರಿಯೆಂದು ಗದರಬೇಡಿ. ಮುಖ್ಯವಾಗಿ ಗಂಡುಮಕ್ಕಳಲ್ಲಿ ಇದು ಸ್ನಾಯು ಕ್ಷಯಿಸುವ ಕಾಯಿಲೆಯ ಲಕ್ಷಣವಿರಬಹುದು. ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಕಣ್ಣಿನ ಪರೀಕ್ಷೆಯೂ ಆಗಲಿ.