ಹಿಡಿ ಬಿಟ್ಟರೂ ಇಳಿಯದ ವೇಗ

ಎಮ್ಮೆದೊಡ್ಡಿಯ ಹಾದಿಯಲ್ಲಿ ಹಳೆಯ ಜಾವಾ ಮೋಟಾರು ಸೈಕಲ್ಲೊಂದನ್ನು ನಿಲ್ಲಿಸಿದಿರೆನ್ನಿ. ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೂ ಎಂಜಿನ್ನಿನ ಅಬ್ಬರ ತಗ್ಗದು. ಇದಕ್ಕೆ ಕಾರಣವೇನು?

ಮೊದಲು ಕೇಬಲ್ ಬಿಗಿದಿದೆಯೇ, ಹ್ಯಾಂಡಲ್ ತಿರುಗಿಸಿದಾಗ ವೇಗ ಬದಲಾಗುವುದೇ ಎಂದು ನೋಡಬೇಕು. ಅನಂತರ ಕಾರ್ಬುರೇಟರಿನ ಐಡ್ಲಿಂಗ್ ತಿರುಪನ್ನು ಪರೀಕ್ಷಿಸಬೇಕು. ಇವೆರಡೂ ಸರಿಯಿದ್ದರೆ, ಕಾರ್ಬುರೇಟರು ಸಿಲಿಂಡರನ್ನು ಸೇರುವ ಸಂದಿನಲ್ಲೋ, ಕ್ರ್ಯಾಂಕಿನ ಸವೆದ ಸೀಲಿನಲ್ಲೋ ಹೊರಗಾಳಿ ನುಸುಳುತ್ತಿರಬಹುದು. ಸಂದಿಗೆ ತುಸು ಗ್ರೀಸ್ ಬಳಿದಾಗ ವೇಗ ಇಳಿದರೆ ದೋಷ ಅಲ್ಲಿಯೇ ಇದೆ.

ತಿರುಪು ಸಡಿಲಿಸಿ ಸದ್ದಡಗಿಸಿದರೆ ಸಾಲದು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳದು ಎರಡು ಸ್ಟ್ರೋಕಿನ ಎಂಜಿನ್. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅದರ ಪಿಸ್ಟನ್ನಿಗೆ ಆಧಾರ. ಗಾಳಿ ಹೆಚ್ಚಿ ಮಿಶ್ರಣ ತೆಳುವಾದರೆ ಶಾಖವೇರಿ ಪಿಸ್ಟನ್ ಕಚ್ಚಿಕೊಳ್ಳುವುದು. ಓಟದ ನಡುವೆ ಚಕ್ರ ಹಠಾತ್ತನೆ ನಿಂತರೆ ಸವಾರನ ಪ್ರಾಣಕ್ಕೇ ಅಪಾಯ.