ಹೂವಿಗೆ ಮುಂಗಡ ಕೊಡುವ ಮುನ್ನ

ಮದುವೆಗೆ ಹೂವು ಗೊತ್ತುಮಾಡುವ ಮೊದಲು ಶಾಸ್ತ್ರಕ್ಕೆ ಬೇಕಾದ್ದನ್ನು ಬರೆದಿಟ್ಟುಕೊಳ್ಳಿ: ವಧೂವರರ ಹಾರ, ಮುಡಿಯುವ ದಂಡೆ, ಪೂಜೆಗೆ ಬಿಡಿಹೂವು. ಮಂಟಪದ ಅಲಂಕಾರ ಆಮೇಲಿನ ಮಾತು. ಹೂವಿನವರು ಆರ್ಕಿಡ್, ಕಾರ್ನೇಷನ್ ಪ್ಯಾಕೇಜಿಗೆ ಒತ್ತಾಯಿಸಿದರೂ ಅವಸರಪಡಬೇಡಿ. ನಮ್ಮಲ್ಲೇ ಒಳ್ಳೆಯ ಹೂವುಗಳಿವೆ: ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಚಳಿಗಾಲದಲ್ಲಿ ಮಲ್ಲಿಗೆ ಇಳುವರಿ ಕುಸಿದರೆ ಸೇವಂತಿಗೆ, ಸುಗಂಧರಾಜ ಇವೆ. ಹತ್ತಿರದಲ್ಲಿ ಬೆಳೆದ ಹೂವು ಬೇಗ ಕೈಸೇರುವುದರಿಂದ ತಾಜಾ ಇರುತ್ತದೆ.

‘ಮದುವೆ ಒಂದೇ ಸಲ, ಚೌಕಾಸಿ ಯಾಕೆ?’ ಎನ್ನುವವರಿದ್ದಾರೆ. ಮುಹೂರ್ತದ ದಿನಗಳಲ್ಲಿ ದರ ಏರುವುದೂ ನಿಜ, ಕಟ್ಟುವವರ ದುಡಿಮೆಗೆ ನ್ಯಾಯವಾದ ಕೂಲಿ ಸಲ್ಲಬೇಕಾದ್ದೂ ನಿಜ. ಆದರೆ ಲೆಕ್ಕ ಕೇಳುವುದು ಜಿಪುಣತನವಲ್ಲ. ಎಷ್ಟು ಮಾರು, ಎಷ್ಟು ಕಿಲೋ, ಯಾವ ದರ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವರಿಗೆ ಮುಂಗಡ ಕೊಡಬೇಡಿ.