ಮೋಟಾರು ಗಾಡಿಯ ರೇಡಿಯೇಟರನ್ನು ಮನೆಯಲ್ಲಿಯೇ ತೊಳೆದು ತುಂಬುವ ಕ್ರಮ

ಕೊಡಗಿನ ಅಮ್ಮತ್ತಿ, ಸಿದ್ದಾಪುರ, ವಿರಾಜಪೇಟೆ ಕಡೆಗಳಲ್ಲಿ ಕಾಫಿ ತೋಟವುಳ್ಳವರಿಗೆ ಜೀಪಾಗಲಿ ಕಾರಾಗಲಿ ಬೇಸಾಯದ ಸಲಕರಣೆಗಳಲ್ಲಿ ಒಂದಾಗಿರುವುದು. ಕೊಯ್ಲಿನ ಕಾಲದಲ್ಲಿ ಹಣ್ಣನ್ನು ಕಣಕ್ಕೂ, ಮೂಟೆಗಳನ್ನು ಪೇಟೆಗೂ, ಅಕಸ್ಮಾತ್ತಾಗಿ ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೂ ಮುಟ್ಟಿಸುವುದು ಇದೇ. ಎತ್ತಿಗೆ ಕೆಸರು ನೀರನ್ನು ಕುಡಿಸುವ ಒಕ್ಕಲುಗಾರನಿಲ್ಲ. ಆದರೆ ಎಂಜಿನ್ನು ಕಾದಾಗ ದಾರಿಯ ತೋಡಿನ ನೀರನ್ನೇ ರೇಡಿಯೇಟರಿಗೆ ಸುರಿದು ಮುಂದೆ ಸಾಗುವವರು ಉಂಟು. ಆ ಹೊತ್ತಿಗೆ ಇದರಿಂದ ಕೆಲಸ ನಡೆಯುವುದಾದರೂ, ಕೆಲವು ವರ್ಷಗಳಲ್ಲಿ ಎಂಜಿನ್ನೇ ಕೆಡಲು ಇದು ಕಾರಣವಾಗುವುದು. ವಿಚಾರಮಾಡಿ ನೋಡಿದರೆ, ಅರ್ಧ ದಿನದ ಕೆಲಸದಿಂದ ಈ ನಷ್ಟವನ್ನು ತಪ್ಪಿಸಬಹುದು.

ಕೆಡುವ ಕಾರಣ

ಎಂಜಿನ್ನಿನಲ್ಲಿ ಉರಿಯುವ ಎಣ್ಣೆಯ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲನ್ನು ಅದರ ಸುತ್ತ ಹರಿಯುವ ನೀರೇ ಹೊತ್ತುಕೊಂಡು ರೇಡಿಯೇಟರಿಗೆ ಒಯ್ಯುತ್ತದೆ. ಸಾಧಾರಣ ನೀರಿನಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಅಲ್ಯೂಮಿನಿಯಮ್ಮು ಸವೆಯುವುದು. ಕೊಳವೆ ಬಾವಿಯ ನೀರಿನಲ್ಲಿ ಸುಣ್ಣದ ಅಂಶವಿದ್ದರೆ, ನೀರು ಕಾಯಿಸುವ ಹಂಡೆಯೊಳಗೆ ಕೂರುವ ಬಿಳಿಯ ಪದರದಂತೆ ಇಲ್ಲಿಯೂ ಕರಣೆ ಕಟ್ಟುವುದು. ಈ ಪದರವು ಶಾಖವನ್ನು ಹೊರಗೆ ಬಿಡದು. ಕಡೆಗೆ ಎಂಜಿನ್ನಿನ ತಲೆಭಾಗ ಸೊಟ್ಟಗಾಗಿ, ಅದರ ಕೆಳಗಿನ ಗ್ಯಾಸ್ಕೆಟ್ಟು ಒಡೆದು, ನೀರೂ ಎಣ್ಣೆಯೂ ಬೆರೆತುಹೋಗುವುವು.

ವಿರಾಜಪೇಟೆಯ ಸುತ್ತಿನ ಪ್ರದೇಶವು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಆ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 97 ಡಿಗ್ರಿಗೇ ಕುದಿಯುವುದು. ರೇಡಿಯೇಟರಿನ ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಟ್ಟು ಈ ಕುದಿಯನ್ನು ತಡೆಯುತ್ತದೆ. ಚದರ ಅಂಗುಲಕ್ಕೆ 15 ಪೌಂಡು ಒತ್ತಡದ ಮುಚ್ಚಳದಿಂದ ಕುದಿಯುವ ಮಟ್ಟ ಸುಮಾರು 20 ಡಿಗ್ರಿ ಮೇಲೇರುವುದು. ಆದ್ದರಿಂದ ಮುಚ್ಚಳದ ರಬ್ಬರು ಬಿರುಕುಬಿಟ್ಟಿದ್ದರೆ ಅದೇ ಒತ್ತಡದ ಹೊಸ ಮುಚ್ಚಳವನ್ನು ಕೊಳ್ಳುವುದೇ ಲಾಭ.

ಕೂಲೆಂಟ್ ಎಂಬ ದ್ರವವು ಹಿಮ ಬೀಳುವ ಸೀಮೆಗಳಿಗೆ ಮಾತ್ರ ಬೇಕೆಂಬುದು ತಪ್ಪು ತಿಳಿವಳಿಕೆ. ಕೊಡಗಿನಲ್ಲಿ ಅದರ ಮುಖ್ಯ ಉಪಯೋಗವು ತುಕ್ಕನ್ನು ತಡೆಯುವುದು. ಈ ಗುಣವು ಕಾಲಕ್ರಮದಲ್ಲಿ ಕುಗ್ಗುವುದರಿಂದ ದ್ರವವನ್ನು ಬದಲಾಯಿಸಬೇಕಾಗುವುದು. ಕೆಲವು ಬಗೆಗಳು ಎರಡು ವರ್ಷ, ಕೆಲವು ಐದು ವರ್ಷ ಬಾಳುವುವು. ಗಾಡಿಯೊಡನೆ ಬಂದ ಪುಸ್ತಕದಲ್ಲಿ ಹೇಳಿರುವ ಅವಧಿಯನ್ನೇ ಅನುಸರಿಸತಕ್ಕದ್ದು. ಬೇರೆ ಬೇರೆ ಬಗೆಗಳನ್ನು ಬೆರೆಸಿದರೆ ಗಷ್ಟು ಕಟ್ಟುವ ಸಂಭವವುಂಟು. ಬಣ್ಣ ಒಂದೇ ಆದ ಮಾತ್ರಕ್ಕೆ ಬಗೆಯೂ ಒಂದೇ ಎಂದು ನಂಬಕೂಡದು.

ಕೆಲಸಕ್ಕೆ ಮುಂಚೆ

ಮಳೆಗಾಲ ಕಳೆದ ಮೇಲೆ, ಹುತ್ತರಿಗೂ ಕಾಫಿ ಕೊಯ್ಲಿಗೂ ಮೊದಲು ಈ ಕೆಲಸವನ್ನು ಮುಗಿಸಿಕೊಳ್ಳುವುದು ಉತ್ತಮ. ಗಾಡಿಯನ್ನು ಹಿಂದಿನ ರಾತ್ರಿಯೇ ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬೆಳಿಗ್ಗೆ ಎಂಜಿನ್ನು ಪೂರ್ತಿ ತಣ್ಣಗಿರುವಾಗ ಕೈಹಾಕತಕ್ಕದ್ದು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಕೂಡದು. ಒತ್ತಡ ತಪ್ಪಿದೊಡನೆಯೇ ಒಳಗಿನ ನೀರು ಕುದಿದು ಚಿಮ್ಮಿ, ಮುಖವನ್ನೂ ಕಣ್ಣನ್ನೂ ಸುಡುವುದು. ವಿದ್ಯುತ್ ಫ್ಯಾನುಳ್ಳ ಕಾರುಗಳಲ್ಲಿ ಎಂಜಿನ್ನು ನಿಂತಿದ್ದರೂ ಫ್ಯಾನು ತಾನಾಗಿ ತಿರುಗಬಹುದಾದ್ದರಿಂದ ಅದರ ಬಳಿ ಕೈಯಿಡಬಾರದು.

ತೊಳೆಯುವ ಕ್ರಮ

1. ಕೆಳಗೆ ಅಗಲವಾದ ಬೋಗುಣಿಯನ್ನಿಟ್ಟು, ಮುಚ್ಚಳವನ್ನು ತೆಗೆದು, ರೇಡಿಯೇಟರಿನ ತಳದ ತಿರುಪನ್ನು ಬಿಚ್ಚಬೇಕು. ತಿರುಪಿಲ್ಲದಿದ್ದರೆ ಕೆಳಗಿನ ರಬ್ಬರು ಕೊಳವೆಯನ್ನು ಕಳಚಬೇಕು.

2. ಹೊರಬಂದ ದ್ರವವನ್ನು ಅಳೆದು, ಅದರ ಬಣ್ಣವನ್ನು ನೋಡಬೇಕು. ಕಂದಾಗಿದ್ದರೆ ತುಕ್ಕು ಹಿಡಿದಿದೆಯೆಂದು ತಿಳಿಯಬೇಕು. ಮೇಲೆ ಎಣ್ಣೆ ತೇಲುತ್ತಿದ್ದರೆ, ಇಲ್ಲವೆ ಎಂಜಿನ್ನಿನ ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ, ತೊಳೆಯುವುದರಿಂದ ಪ್ರಯೋಜನವಿಲ್ಲ. ಎಂಜಿನ್ನನ್ನು ನಡೆಸದೆ ಮೆಕ್ಯಾನಿಕ್ಕನಿಗೆ ತೋರಿಸತಕ್ಕದ್ದು.

3. ತಿರುಪನ್ನು ಮುಚ್ಚಿ ಶುದ್ಧವಾದ ನೀರನ್ನು ತುಂಬಬೇಕು. ಈ ಹಂತಕ್ಕೆ ಸೋಸಿದ ಮಳೆನೀರು ಸಾಕು. ಹೀಟರಿದ್ದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ಹಾಕಿ ಎಂಜಿನ್ನನ್ನು ನಡೆಸಬೇಕು. ಥರ್ಮೋಸ್ಟಾಟ್ ಎಂಬ ಬಾಗಿಲು ಸಾಧಾರಣವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆಯುವುದು. ಆಗ ಮೇಲಿನ ರಬ್ಬರು ಕೊಳವೆ ಬಿಸಿಯಾಗುವುದರಿಂದ ನೀರು ಎಲ್ಲೆಡೆ ಸುತ್ತುತ್ತಿದೆಯೆಂದು ಗೊತ್ತಾಗುವುದು.

4. ಎಂಜಿನ್ನನ್ನು ನಿಲ್ಲಿಸಿ, ಪೂರ್ತಿ ಆರಿದ ಮೇಲೆ ನೀರನ್ನು ಬಿಡಬೇಕು. ಆರುವ ಮೊದಲೇ ತಣ್ಣೀರು ಸುರಿದರೆ ಎರಕದ ಲೋಹ ಸೀಳಿಬಿಡುವುದು. ಹೊರಬರುವ ನೀರು ತಿಳಿಯಾಗುವವರೆಗೆ ಇದೇ ಪ್ರಕಾರ ಮಾಡಬೇಕು.

5. ತಾಮ್ರದ ಪಾತ್ರೆಯ ಕಿಲುಬನ್ನು ತೆಗೆಯುವಂತೆ ಹುಣಿಸೆಹುಳಿ, ಕಾಚಂಪುಳಿ, ಚಾಕಲಿ ಸೋಡಾ ಮುಂತಾದವನ್ನು ಇದರೊಳಗೆ ಹಾಕಕೂಡದು. ಅವು ಅಲ್ಯೂಮಿನಿಯಮ್ಮನ್ನು ತಿನ್ನುವುವು.

6. ಇದೇ ಸಮಯದಲ್ಲಿ ರಬ್ಬರು ಕೊಳವೆಗಳನ್ನು ಹಿಸುಕಿ ನೋಡಿ, ಮೆತ್ತಗಾದವನ್ನೂ ಬಿರಿದವನ್ನೂ ಬದಲಾಯಿಸಬೇಕು. ರೇಡಿಯೇಟರಿನ ಹೊರಮೈಯಲ್ಲಿ ಸೇರಿರುವ ತೋಟದ ಧೂಳು, ಎಲೆ, ಹುಳುಗಳನ್ನು ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ತೆಗೆಯಬೇಕು.

ತುಂಬುವ ಕ್ರಮ

ಬೆರೆಸಿ ಸಿದ್ಧಮಾಡಿದ ಕೂಲೆಂಟಿಗೆ ನೀರನ್ನು ಸೇರಿಸತಕ್ಕದ್ದಲ್ಲ. ಗಟ್ಟಿ ಕೂಲೆಂಟಾದರೆ ಭಟ್ಟಿಯಿಳಿಸಿದ ನೀರನ್ನು ಸಮಪಾಲಾಗಿ ಬೆರೆಸುವುದು ವಾಡಿಕೆ. ಬ್ಯಾಟರಿಯ ಅಂಗಡಿಯಲ್ಲಿ ಈ ನೀರು ದೊರೆಯುವುದು. ಆದರೆ ಅದೇ ಅಂಗಡಿಯಲ್ಲಿರುವ ಬ್ಯಾಟರಿ ಆ್ಯಸಿಡ್ಡನ್ನು ತಪ್ಪಿಯೂ ತರಕೂಡದು.

ಇಲ್ಲಿ ಅನೇಕರು ಎಡವುತ್ತಾರೆ. ಎಷ್ಟು ಬಸಿದರೂ ಎಂಜಿನ್ನಿನೊಳಗೆ ತೊಳೆದ ನೀರು ಸ್ವಲ್ಪ ಉಳಿದೇ ಇರುವುದು. ಅದರ ಮೇಲೆ ಸಮಪಾಲಿನ ಮಿಶ್ರಣವನ್ನು ಹೊಯ್ದರೆ ಅದು ತೆಳುವಾಗುವುದು. ಆದಕಾರಣ, ಎಂಜಿನ್ನು ಒಟ್ಟು 8 ಲೀಟರು ಹಿಡಿಯುವುದಾದರೆ ಮೊದಲು 4 ಲೀಟರು ಗಟ್ಟಿ ಕೂಲೆಂಟನ್ನು ಹೊಯ್ದು, ಮಿಕ್ಕ ಜಾಗವನ್ನು ಭಟ್ಟಿಯಿಳಿಸಿದ ನೀರಿನಿಂದ ತುಂಬಬೇಕು.

ದ್ರವವನ್ನು ನಿಧಾನವಾಗಿ ಹೊಯ್ಯಬೇಕು. ಒಳಗೆ ಗಾಳಿ ಸಿಕ್ಕಿಕೊಂಡರೆ ಮಟ್ಟ ಸರಿಯಿದ್ದರೂ ಎಂಜಿನ್ನು ಕಾಯುವುದು. ಗಾಳಿ ಬಿಡುವ ತಿರುಪಿದ್ದರೆ ಅದನ್ನು ಸಡಿಲಿಸಿ ತುಂಬಬೇಕು. ಹಳೆಯ ಜೀಪುಗಳಲ್ಲಿ ಮುಂಭಾಗವು ಸ್ವಲ್ಪ ಎತ್ತರವಾಗಿರುವಂತೆ ನಿಲ್ಲಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಎಂಜಿನ್ನನ್ನು ಹೊರಡಿಸಿ, ಗುಳ್ಳೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವಾಗಿ ತುಂಬಿ, ದ್ರವ ಕಾಯುವ ಮೊದಲೇ ಮುಚ್ಚಳವನ್ನು ಬಿಗಿಮಾಡಬೇಕು. ಮಾರನೆಯ ಬೆಳಿಗ್ಗೆ ಮಟ್ಟವನ್ನು ಮತ್ತೆ ನೋಡುವುದು ಅವಶ್ಯ.

ಹಳೆಯ ದ್ರವದ ವಿಷ

ಕೂಲೆಂಟಿನಲ್ಲಿ ಹೆಚ್ಚಾಗಿ ಇರುವ ಎಥಿಲೀನ್ ಗ್ಲೈಕಾಲ್ ಎಂಬ ವಸ್ತು ಸಿಹಿಯಾಗಿರುವುದು, ಆದರೆ ವಿಷ. ನಾಯಿಗಳು ಇದನ್ನು ನೆಕ್ಕಿದರೆ ಮೂತ್ರಪಿಂಡಗಳು ಕೆಟ್ಟು ಸಾಯುವುವು. ಸಣ್ಣ ನಾಯಿಗೆ ಕೆಲವು ಚಮಚದಷ್ಟೇ ಸಾಕು. ದನಕರುಗಳಿಗೂ ಮಕ್ಕಳಿಗೂ ಇದೇ ಅಪಾಯ. ಅಂಗಳದಲ್ಲಿ ಚೆಲ್ಲಿದ್ದನ್ನು ಒಡನೆಯೇ ಮರದ ಹೊಟ್ಟಿನಿಂದ ಹೀರಿಸಿ ತೆಗೆದು, ನೀರಿನಿಂದ ತೊಳೆಯಬೇಕು. ಬಸಿದ ದ್ರವವನ್ನೂ ಮೊದಲ ಸಲ ತೊಳೆದ ನೀರನ್ನೂ ತೋಡಿಗಾಗಲಿ ಕೆರೆಗಾಗಲಿ ಗದ್ದೆಗಾಗಲಿ ಬಿಡದೆ, ಮುಚ್ಚಳವುಳ್ಳ ಡಬ್ಬಿಯಲ್ಲಿ ತುಂಬಿ, ಮೇಲೆ "ವಿಷ" ಎಂದು ಬರೆದು, ಹಳೆಯ ಎಣ್ಣೆ ಮತ್ತು ಕೂಲೆಂಟನ್ನು ತೆಗೆದುಕೊಳ್ಳುವ ವರ್ಕ್‌ಷಾಪಿಗೆ ಒಪ್ಪಿಸತಕ್ಕದ್ದು. ಕುಡಿಯುವ ನೀರಿನ ಸೀಸೆಯಲ್ಲಿ ಎಂದಿಗೂ ಇಡಬಾರದು. ನಾಯಿಯಾಗಲಿ ಕರುವಾಗಲಿ ಕುಡಿದದ್ದು ಕಂಡರೆ, ಲಕ್ಷಣಗಳು ತೋರುವವರೆಗೆ ಕಾಯದೆ ಆಗಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಮನುಷ್ಯರಾದರೆ ಒಡನೆಯೇ ಆಸ್ಪತ್ರೆಗೆ.

ಪಂಪಿನ ಎಂಜಿನ್ನು

ಕಾಫಿ ಹೂವಿಗೆ ಫೆಬ್ರವರಿ, ಮಾರ್ಚಿಯಲ್ಲಿ ನೀರು ಹಾಯಿಸುವ ಡೀಸೆಲ್ ಎಂಜಿನ್ನುಗಳಲ್ಲಿ ಕೆಲವು, ಪಂಪಿನ ನೀರಿನಿಂದಲೇ ತಣಿಯುವಂತಿವೆ. ಕೆರೆಯ ಕೆಸರು ಅವುಗಳ ಒಳದಾರಿಯನ್ನು ಕಟ್ಟಿಬಿಡುವುದು. ನೀರೆಳೆಯುವ ಕೊಳವೆಯ ಬಾಯಿಗೆ ಜಾಲರಿಯನ್ನು ಕಟ್ಟಿ, ತಣಿಸಿ ಹೊರಬೀಳುವ ನೀರಿನ ಧಾರೆ ಕುಗ್ಗಿದೆಯೇ ಎಂದು ಗಂಟೆಗೊಮ್ಮೆ ನೋಡುತ್ತಿರಬೇಕು.

ಊರಿನ ತಕ್ಕರು ಈ ವಿಷಯವನ್ನು ಗಾಡಿ ನಡೆಸುವವರಿಗೂ ಲೈನುಮನೆಗಳವರಿಗೂ ಓದಿ ಹೇಳುವುದು ಒಳ್ಳೆಯದು. ಹಳೆಯ ದ್ರವವನ್ನು ಕೂಡಿಟ್ಟು ಸಾಗಿಸಲು ಊರಿಗೊಂದು ಡಬ್ಬಿಯನ್ನು ಏರ್ಪಡಿಸಿದರೆ ಎಲ್ಲರ ಕೆರೆಯೂ ಉಳಿಯುವುದು. ಕೈಲ್ ಮುಹೂರ್ತಕ್ಕೆ ಕೋವಿಯನ್ನು ಒರೆಸಿ ಶುಚಿಯಾಗಿಡುವ ಮನೆಯವರು, ಅಷ್ಟೇ ಶ್ರದ್ಧೆಯಿಂದ ಎಂಜಿನ್ನಿನ ಒಳಗನ್ನೂ ಶುಚಿಯಾಗಿಟ್ಟರೆ, ಕೊಯ್ಲಿನ ದಿನ ಗಾಡಿಯು ದಾರಿಯಲ್ಲಿ ನಿಲ್ಲುವ ಪ್ರಸಂಗ ವಿರಳವಾಗುವುದು.